ಉಸ್ತಾದರ ಶಿಸ್ತು

ಅಕ್ಕಲಕೋಟೆ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ ಬೆಳಗಿನ ಐದು ಗಂಟೆಗೆ ಡಾಂಬರು ರಸ್ತೆಯ ಮೇಲೆ ಓಡುವ ಹುಡುಗರನ್ನು ಕಂಡು ಯಾರೂ ಕಾರಣ ಕೇಳುವುದಿಲ್ಲ. ಪೊಲೀಸ್ ಭರ್ತಿ ಹತ್ತಿರ ಬಂದಿದೆಯೆಂದು ಎಲ್ಲರಿಗೂ ಗೊತ್ತು. 1600 ಮೀಟರ್ ಓಟ, 100 ಮೀಟರ್ ಓಟ, ಗುಂಡು ಎಸೆತ, ಆಮೇಲೆ ಮರಾಠಿಯಲ್ಲಿ ಲಿಖಿತ ಪರೀಕ್ಷೆ. ಈ ಹಂತದಲ್ಲಿ ಗುಂಡು ಎಂದರೆ ಕಬ್ಬಿಣದ ಉಂಡೆ ಮಾತ್ರ. ಬಂದೂಕಿನ ಗುಂಡಿನ ಪರಿಚಯವಾಗುವುದು ಆಯ್ಕೆಯಾದ ಮೇಲೆ, ತರಬೇತಿ ಶಾಲೆಯ ಗುರಿ ಮೈದಾನದಲ್ಲಿ.

ಹಾಗೆ ಆಯ್ಕೆಯಾದ ಹುಡುಗನೊಬ್ಬ ತರಬೇತಿಯ ನಡುವೆ ನಾಲ್ಕು ದಿನದ ರಜೆಯ ಮೇಲೆ ಊರಿಗೆ ಬಂದಿದ್ದ. ಬಲತೋಳಿನಲ್ಲಿ, ಭುಜದಿಂದ ನಾಲ್ಕು ಬೆರಳು ಕೆಳಗೆ, ನೇರಳೆ ಹಣ್ಣಿನ ಬಣ್ಣದ ಬಾವು. ತಾಯಿ ಅರಿಶಿನ ಹಚ್ಚಿ, ಬಿದ್ದೆಯಾ ಎಂದು ಕೇಳಿದಳು. ಹೂಂ ಎಂದ. ಗುರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂಬುದನ್ನು ಮನೆಯಲ್ಲಿ ಹೇಳುವ ಧೈರ್ಯ ಅವನಿಗಿರಲಿಲ್ಲ. ಮಲಗಿ ಹಾರಿಸಿದ ಗುಂಡುಗಳು ಹೇಗೋ ಹಾಳೆಗೆ ತಾಗಿದ್ದವು. ನಿಂತು ಹಾರಿಸಿದವು ಎಲ್ಲಿ ಹೋದವೆಂದು ಗುರಿಯ ಬಳಿ ಕುಳಿತ ಮಾರ್ಕರನಿಗೂ ತಿಳಿದಿರಲಿಲ್ಲ. ರಜೆ ಮುಗಿದ ಮೇಲೆ ಇನ್ನೊಂದೇ ಅವಕಾಶವಿತ್ತು. ಮನೆಗೆ ಎರಡೆಕರೆ ಒಣಭೂಮಿ, ಮದುವೆಗೆ ಬಂದ ತಂಗಿ. ಆ ನೌಕರಿಯನ್ನು ನಂಬಿ ತಂದೆ ಆಗಲೇ ಸಾಲ ಎತ್ತಿದ್ದ.

ಹುಡುಗ ಹೋಗಿ ಹೇಳಿಕೊಂಡದ್ದು ಊರಿಗೆಲ್ಲ ಮುತ್ಯಾ ಎನಿಸಿಕೊಂಡಿದ್ದ ಹಿರಿಯರೊಬ್ಬರಿಗೆ. 1973ರಲ್ಲಿ ಸಶಸ್ತ್ರ ಪೊಲೀಸ್ ಪಡೆಗೆ ಸೇರಿ 2010ರಲ್ಲಿ ನಿವೃತ್ತರಾದ ಆ ಹಿರಿಯರು ತಮ್ಮ ಸೇವೆಯ ಬಹುಪಾಲನ್ನು ಹೊಸಬರಿಗೆ ಬಂದೂಕು ಕಲಿಸುವ ಉಸ್ತಾದರಾಗಿ ಕಳೆದವರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಗುರಿ ಮೈದಾನದಲ್ಲಿ ಹಿಂದಿ, ಸಿಟ್ಟು ಬಂದಾಗ ಮೂರೂ. ಅವರು ಹುಡುಗನ ಮಾತನ್ನು ಪೂರ್ತಿ ಕೇಳಲಿಲ್ಲ. ಅಂಗಿಯ ತೋಳು ಮೇಲೆತ್ತಿಸಿ ಬಾವನ್ನಷ್ಟೇ ನೋಡಿದರು. ನಾಡಿ ಹಿಡಿದು ರೋಗ ಹೇಳುವ ವೈದ್ಯರಂತೆ, ಗಾಯ ನೋಡಿ ನಿಲುವು ಹೇಳುವುದು ಉಸ್ತಾದರಿಗೆ ರೂಢಿ. ತೋಳಿನ ಮೇಲೆ ಬಾವಿದ್ದರೆ ಬಂದೂಕಿನ ಬಟ್ಟು ಭುಜದ ಕುಳಿಯಲ್ಲಿ ಕೂತಿರಲಿಲ್ಲ. ಕೊರಳೆಲುಬು ನೋಯುತ್ತಿದ್ದರೆ ತೀರ ಒಳಗೆ ಸರಿದಿತ್ತು. ಕೆನ್ನೆ ಊದಿದ್ದರೆ ಮುಖ ಬಟ್ಟಿಗೆ ಅಂಟಿರಲಿಲ್ಲ. ನಡುವೆ ಬಿಟ್ಟ ಜಾಗದಲ್ಲಿ ಬಂದೂಕು ಬಂದು ಹೊಡೆದಿತ್ತು.

ಮೂಲೆಯಲ್ಲಿದ್ದ ಗುದ್ದಲಿಯ ಕಾವನ್ನು ತೆಗೆದು ಹುಡುಗನ ಕೈಗಿತ್ತು, ನಿಲ್ಲು ಎಂದರು. ಹುಡುಗ ನಿಂತ. ಹಿಮ್ಮಡಿಗಳು ಕೂಡಿದ್ದವು. ಎದೆ ಮುಂದೆ, ಸೊಂಟ ಒಳಗೆ, ತಲೆ ನೆಟ್ಟಗೆ. ಕಾವನ್ನು ಮೇಲೆತ್ತುತ್ತಿದ್ದಂತೆ ಬೆನ್ನು ಹಿಂದಕ್ಕೆ ಬಾಗಿತು. ಬಲ ಮೊಣಕೈ ಕೋಳಿಯ ರೆಕ್ಕೆಯಂತೆ ಹೊರಗೆದ್ದಿತು. ಕೊರಳು ಮುಂದೆ ಚಾಚಿ ಕಣ್ಣು ಕೋಲನ್ನು ಹುಡುಕುತ್ತ ಕೆಳಗಿಳಿಯಿತು.

“ಗುಂಡ ಹಾರ್ಸಲಾಕ ನಿಂತೀಯೋ ತಮ್ಮಾ, ಸಲಾಮಿ ಕೊಡ್ಲಾಕ ನಿಂತೀಯೋ?”

ಮುತ್ಯಾ ತಮಾಷೆಗೆ ಆಡಿದ ಮಾತಲ್ಲ ಅದು. ಪೊಲೀಸನ ದೇಹಕ್ಕೆ ಮೊದಲು ಕಲಿಸುವುದು ಕವಾಯತು. ತಿಂಗಳುಗಟ್ಟಲೆ ಬೆಳಗು ಸಂಜೆ ಹಿಮ್ಮಡಿ ಕೂಡಿಸಿ ಎದೆ ಎತ್ತಿ ನಿಲ್ಲಬೇಕು. ಬಂದೂಕು ಅಲ್ಲಿ ಹೆಗಲಿಗೇರುವ, ಎದೆಯ ಮುಂದೆ ನಿಲ್ಲುವ, ನೆಲಕ್ಕೆ ತಾಗಿ ಸದ್ದು ಮಾಡುವ ಅಲಂಕಾರ. ಗುರಿ ಮೈದಾನಕ್ಕೆ ಹೋಗುವ ದಿನಗಳು ಕೆಲವೇ, ಕೈಗೆ ಬರುವ ಗುಂಡುಗಳು ಎಣಿಸಿದಷ್ಟೇ. ಮೈದಾನದ ನಿಲುವಿಗೂ ಕವಾಯತಿನ ನಿಲುವಿಗೂ ಒಂದು ಅಂಶದಲ್ಲಿಯೂ ಹೊಂದಿಕೆಯಿಲ್ಲ. ಹಾರಿಸುವವನ ಕಾಲುಗಳು ಭುಜದಷ್ಟು ಅಗಲವಾಗಬೇಕು, ಎಡಗಾಲು ತುಸು ಮುಂದೆ. ಮಂಡಿ ಬಿಗಿಯಬಾರದು. ಭಾರ ಹಿಮ್ಮಡಿಯ ಮೇಲಲ್ಲ, ಪಾದದ ಮುಂಭಾಗದ ಮೇಲೆ. ಎದುರುಗಾಳಿಯಲ್ಲಿ ನಡೆಯುವವನಂತೆ ಮೈ ಮುಂದಕ್ಕೆ ಒರಗಬೇಕು. ನಾಲ್ಕು ಕಿಲೊದ .303 ಆಗಲಿ, ಅದಕ್ಕಿಂತ ಭಾರವಾದ ಎಸ್‌ಎಲ್‌ಆರ್ ಆಗಲಿ, ಮುಂದೆ ಎಳೆಯುವ ಆ ತೂಕಕ್ಕೆ ಹೆದರಿ ಬೆನ್ನು ಹಿಂದೆ ಬಾಗಿಸಿದವನನ್ನು ಮೊದಲ ಗುಂಡೇ ಅರ್ಧ ಹೆಜ್ಜೆ ಹಿಂದೆ ತಳ್ಳುತ್ತದೆ, ಎರಡನೆಯದು ಆಕಾಶಕ್ಕೆ ಹೋಗುತ್ತದೆ. ಪರೇಡಿನಲ್ಲಿ ಬಹುಮಾನ ತರುವ ದೇಹವೇ ಗುರಿ ಮೈದಾನದಲ್ಲಿ ಸೋಲುತ್ತದೆ. ಹುಡುಗನ ಮೈ ಪಾಠವನ್ನು ಮರೆತಿರಲಿಲ್ಲ, ಬೇರೊಂದು ಪಾಠವನ್ನು ಚೆನ್ನಾಗಿ ಕಲಿತಿತ್ತು.

ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೆ ಇಲ್ಲಿ ಎರಡು ಪದಗಳು ಸ್ವಾರಸ್ಯವೆನಿಸಬಹುದು. ಎನ್‌ಸಿಸಿಗೆ ಹೋಗಿ .22 ರೈಫಲ್ ಹಿಡಿದವರು ಅವನ್ನು ಕೇಳಿಯೇ ಇರುತ್ತಾರೆ. ಒಂದು, ಸಾವಧಾನ್. ಆ ಆಜ್ಞೆ ಬಿದ್ದ ಕ್ಷಣ ಮೈ ಸೆಟೆದು ನಿಲ್ಲಬೇಕು. ಕನ್ನಡದ ಸಾವಧಾನವೋ ಅವಸರವಿಲ್ಲದ, ನೆಮ್ಮದಿಯ, ಎಚ್ಚರ ತಪ್ಪದ ಸ್ಥಿತಿ. ಗುರಿ ಹಿಡಿಯುವವನಿಗೆ ಬೇಕಾದುದು ಅದೇ. ಇನ್ನೊಂದು, ಶಿಸ್ತ್. ಮರಾಠಿಯಲ್ಲೂ ಕನ್ನಡದಲ್ಲೂ ಶಿಸ್ತು ಎಂದರೆ ನಡೆನುಡಿಯ ಕಟ್ಟುಪಾಡು. ಕೆಳದಿಯ ಶಿವಪ್ಪನಾಯಕನ ಶಿಸ್ತು ಎಂದಾಗ ಭೂಕಂದಾಯದ ಕಟ್ಟಳೆ. ಗುರಿ ಮೈದಾನದ ಹಿಂದಿಯಲ್ಲಿ ಶಿಸ್ತ್ ಎಂದರೆ ಗುರಿ. ಶಿಸ್ತ್ ಲೇನಾ ಎಂದರೆ ಗುರಿ ಹಿಡಿಯುವುದು. ಮೊದಲ ದಿನ ಈ ಮಾತನ್ನು ಕೇಳಿ, ಏನೋ ಅಶಿಸ್ತು ನಡೆಯಿತೆಂದು ಭಾವಿಸಿ ಇನ್ನಷ್ಟು ಸೆಟೆದು ನಿಂತ ಗಡಿಯೂರಿನ ಹುಡುಗರನ್ನು ಉಸ್ತಾದರು ಅನೇಕ ಸಲ ಕಂಡಿದ್ದರು. ಸ್ವತಃ ಅವರೂ 1973ರಲ್ಲಿ ಹಾಗೆಯೇ ನಿಂತಿದ್ದರಂತೆ.

ಪೊಲೀಸರ ಬಂದೂಕಿನ ತಪ್ಪುಗಳು ನಮ್ಮಲ್ಲಿ ಹೆಚ್ಚಾಗಿ ನಗೆಯ ಸರಕು. 2019ರ ಆಗಸ್ಟಿನಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಕ್ರಿಯೆಯಲ್ಲಿ ಗೌರವಕ್ಕೆಂದು ಎತ್ತಿದ 22 ಬಂದೂಕುಗಳಲ್ಲಿ ಒಂದೂ ಸಿಡಿಯಲಿಲ್ಲ. 2022ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಸಂತ ಕಬೀರ ನಗರ ಜಿಲ್ಲೆಯ ಠಾಣೆಯೊಂದರ ತಪಾಸಣೆಯಲ್ಲಿ ಸಬ್ ಇನ್‌ಸ್ಪೆಕ್ಟರರೊಬ್ಬರು ಬಂದೂಕಿನ ಮೂತಿಯಿಂದ ಗುಂಡು ತುಂಬಲು ಹೋದ ದೃಶ್ಯ ದೇಶವೆಲ್ಲ ಹರಿದಾಡಿತು. ಊರಿನ ಹೋಟೆಲಿನಲ್ಲಿ ಮೊಬೈಲು ಹಿಡಿದು ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುತ್ಯಾ ನಗಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು, “ಯಾರರೆ ಅವಗ ಕಲಿಸಿದ್ರೇನು, ಅದನ್ನ ಮೊದಲ ಕೇಳ್ರಿ” ಎಂದು ಎದ್ದುಹೋದರು. ಅವರು ನಗದಿರುವುದಕ್ಕೆ ಹಳೆಯ ಕಾರಣವೊಂದಿತ್ತು.

ಎಂಬತ್ತರ ದಶಕದ ಮಾತು. ಖಜಾನೆಯೊಂದರ ಕಾವಲಿಗೆ ಹಾಕಿದ ತುಕಡಿಯಲ್ಲಿ .303 ಹೋಗಿ ಎಸ್‌ಎಲ್‌ಆರ್ ಬಂದು ಹೆಚ್ಚು ದಿನವಾಗಿರಲಿಲ್ಲ. ಎರಡನ್ನೂ ಖಾಲಿ ಮಾಡುವ ಕ್ರಮ ಬೇರೆ ಬೇರೆ. .303ರ ಮ್ಯಾಗಜೀನಿನಲ್ಲಿ ಹತ್ತು ಗುಂಡು. ಖಾಲಿ ಕರ್ ಎಂದರೆ ಬೋಲ್ಟನ್ನು ಹಿಂದೆ ಮುಂದೆ ಆಡಿಸುತ್ತ ಗುಂಡುಗಳನ್ನೆಲ್ಲ ಒಂದೊಂದಾಗಿ ಹೊರಗೆ ಕೆಡವಬೇಕು. ಎಸ್‌ಎಲ್‌ಆರ್‌ನಲ್ಲಿ ಮೊದಲು ಮ್ಯಾಗಜೀನ್ ಕಳಚಬೇಕು, ಆಮೇಲೆ ಹಿಡಿ ಎಳೆದು, ಚೇಂಬರಿನೊಳಗೆ ಕಣ್ಣಿಟ್ಟು ನೋಡಬೇಕು. ಕ್ರಮ ಅದಲುಬದಲಾದರೆ ಅರ್ಥವೇ ತಿರುಗುತ್ತದೆ. ನಸುಕಿನಲ್ಲಿ ಪಾಳಿ ಮುಗಿಸಿದ ಜವಾನನೊಬ್ಬ, ಹನ್ನೆರಡು ವರ್ಷ .303 ಹಿಡಿದವನು, ಹಳೆಯ ರೂಢಿಯಂತೆ ಮೊದಲು ಹಿಡಿ ಎಳೆದು ಬಿಟ್ಟ. ಗುಂಡು ಹೊರಗೆ ಬೀಳಲಿಲ್ಲ. ಚೇಂಬರು ಖಾಲಿಯೇ ಇತ್ತು. ಆದರೆ ಮುಂದಕ್ಕೆ ಹಾರಿದ ಬೋಲ್ಟು ಮ್ಯಾಗಜೀನಿನ ಮೇಲಿನ ಗುಂಡನ್ನು ಚೇಂಬರಿಗೆ ತಳ್ಳಿತು. ಅನಂತರ ಅವನು ಮ್ಯಾಗಜೀನ್ ಕಳಚಿದ. ಕೈಯಲ್ಲಿರುವುದು ಖಾಲಿ ಬಂದೂಕೆಂಬ ಪೂರ್ಣ ನಂಬಿಕೆಯಿಂದ, ಸ್ಪ್ರಿಂಗು ಸಡಿಲಿಸಲು ಟ್ರಿಗರ್ ಒತ್ತಿದ.

ಗುಂಡು ತಗಡಿನ ಸೂರನ್ನು ಸೀಳಿಕೊಂಡು ಹೋಯಿತು. ಪಕ್ಕದ ಮಂಚದಲ್ಲಿ ಮಲಗಿದ್ದ ಜೊತೆಗಾರ ಬದುಕಿದ, ಒಂದು ಕಿವಿ ಹೋಯಿತು. ವಿಚಾರಣೆಯ ಕಾಗದದಲ್ಲಿ ನಿರ್ಲಕ್ಷ್ಯ ಎಂದು ಬರೆದು ಜವಾನನ ವೇತನ ಬಡ್ತಿಯನ್ನು ತಡೆದರು. ಅವನಿಗೆ ಬಂದೂಕು ಕಲಿಸಿದವರು ಇದೇ ಉಸ್ತಾದರು. ಬೋಲ್ಟು ಆಡಿಸುವುದು ನಿದ್ದೆಗಣ್ಣಿನಲ್ಲಿಯೂ ತಪ್ಪಬಾರದೆಂದು ಬಿಸಿಲಲ್ಲಿ ನಿಲ್ಲಿಸಿ ನೂರಾರು ಸಲ ಮಾಡಿಸಿದ್ದರು. ಹೊಸ ಬಂದೂಕು ಬಂದಾಗ ಹೊಸ ಕ್ರಮ ಕಲಿಸಲು ಸಿಕ್ಕಿದ್ದು ಎರಡೇ ದಿನ.

“ಅವನ ಕೈ ಮರ್ತಿದ್ದಿಲ್ಲಪಾ,” ಎನ್ನುತ್ತಿದ್ದರು ಮುತ್ಯಾ, “ನಾ ಕಲಿಸಿದ್ದನ್ನ ನೆನಪಿಟ್ಟಿತ್ತು.” ಮೂತಿಯನ್ನು ಸೂರಿನ ಕಡೆಗೆ ಹಿಡಿದದ್ದೂ ಅದೇ ಕಲಿಕೆಯೆಂದು ಕೇಳುಗರು ಸಮಾಧಾನ ಹೇಳಿದರೆ, ಹೌದೆನ್ನುತ್ತಿದ್ದರು; ಆದರೆ ಆ ಜೊತೆಗಾರನ ಕಿವಿಯ ಮಾತನ್ನು ಬಿಡುತ್ತಿರಲಿಲ್ಲ. ವಿಚಾರಣೆಯಲ್ಲಿ ಉಸ್ತಾದರನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತೆಂಬ ಕೊರಗು ಇಂದಿಗೂ ಉಳಿದಿದೆ.

2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಹಲವು ಪೊಲೀಸರ ಕೈಯಲ್ಲಿದ್ದುದು ಲಾಠಿ, ಇಲ್ಲವೇ ಅದೇ ಹಳೆಯ .303. ರೈಲ್ವೆ ರಕ್ಷಣಾ ದಳದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಜೊತೆಗಾರನ ಬಂದೂಕು ಕಸಿದು ಹಾರಿಸಿ, ಕೊನೆಗೆ ಕುರ್ಚಿ ಎತ್ತಿ ಎಸೆದರು. ಗಿರ್ಗಾಂವ್ ಚೌಪಾಟಿಯಲ್ಲಿ ತುಕಾರಾಮ್ ಓಂಬಳೆ ಲಾಠಿಯೊಂದನ್ನೇ ಹಿಡಿದು ಹೋಗಿ ಎಕೆ ಬಂದೂಕಿನ ನಳಿಗೆಯನ್ನು ಕೈಯಿಂದ ಹಿಡಿದು ಪ್ರಾಣ ಕೊಟ್ಟರು. ಅವರಿಗೆ ಮರಣೋತ್ತರ ಅಶೋಕ ಚಕ್ರ ಬಂತು. ಬಳಿಕ ರಾಮ ಪ್ರಧಾನ್ ಸಮಿತಿ, ಮದ್ದುಗುಂಡಿನ ಕೊರತೆಯಿಂದ ಪೊಲೀಸರ ಗುರಿ ಅಭ್ಯಾಸ ಕುಂಠಿತವಾದುದನ್ನು ಗುರುತಿಸಿತು. ಅಂದು ಹಾರಿಸದೆ ನಿಂತ ಪೊಲೀಸರನ್ನು ಹೇಡಿಗಳೆಂದು ಬೈದ ಮಾತು ಕಿವಿಗೆ ಬಿದ್ದಾಗಲೆಲ್ಲ ಉಸ್ತಾದರದು ಒಂದೇ ಪ್ರಶ್ನೆ: ಆ ವರ್ಷ ಅವರಿಗೆ ಎಷ್ಟು ಗುಂಡು ಕೊಟ್ಟಿದ್ದಿರಿ? ಉತ್ತರ ಪ್ರದೇಶದ ಪೊಲೀಸರು .303ಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಬಂದೂಕು ಬದಲಾದಷ್ಟು ಬೇಗ ಕೈ ಬದಲಾಗುವುದಿಲ್ಲವೆಂಬುದು ಖಜಾನೆಯ ಆ ಸೂರಿನ ತೂತಿಗೆ ಗೊತ್ತಿತ್ತು.

ಹುಡುಗನ ಪಾಠ ಮೂರು ದಿನ ನಡೆಯಿತು. ಮೊದಲ ದಿನ ಕಾಲು, ಸೊಂಟ, ಮೊಣಕೈ. “ಬಂದೂಕ ನಿನ್ನ ಕಡಿ ಬರ್ಬೇಕು, ನೀ ಬಂದೂಕಿನ ಕಡಿ ಹೋಗಬ್ಯಾಡ,” ಎಂದು ಕಾವನ್ನು ನೂರು ಸಲ ಕೆನ್ನೆಗೆ ತರಿಸಿದರು. ಎರಡನೆಯ ದಿನ ಬೆರಳು. ಕಾವಿನ ತುದಿಯಲ್ಲಿ ಒಂದು ರೂಪಾಯಿಯ ನಾಣ್ಯವಿಟ್ಟು, ಟ್ರಿಗರ್ ಇರಬೇಕಾದಲ್ಲಿ ಮೊಳೆಯೊಂದನ್ನು ಬಡಿದು, ನಾಣ್ಯ ಬೀಳದಂತೆ ಅದನ್ನು ಒತ್ತು ಎಂದರು. ಹುಡುಗ ಒತ್ತುತ್ತಿರಲಿಲ್ಲ, ಎಳೆಯುತ್ತಿದ್ದ. ಎಳೆಯುವುದಕ್ಕಿಂತ ಕ್ಷಣ ಮೊದಲು ಕಣ್ಣು ಮುಚ್ಚುತ್ತಿದ್ದ. ಮೊಳೆಯಿಂದ ಸದ್ದಾಗುವುದಿಲ್ಲವೆಂದು ತಿಳಿದಿದ್ದರೂ ಮುಚ್ಚುತ್ತಿದ್ದ. ಬರಲಿರುವ ಏಟಿಗೆ ಮೈ ಮೊದಲೇ ಬೆಚ್ಚುವ ಈ ದೋಷ ಎಲ್ಲಕ್ಕಿಂತ ಹಟಮಾರಿ. ಸೇವೆಯಲ್ಲಿದ್ದಾಗ ಉಸ್ತಾದರು ಅದನ್ನು ಹಿಡಿಯುತ್ತಿದ್ದ ಬಗೆ ಬೇರೆ: ಹಾರಿಸುವವನಿಗೆ ತಿಳಿಯದಂತೆ ಗುಂಡುಗಳ ನಡುವೆ ಒಂದು ಹುಸಿ ಗುಂಡು ಸೇರಿಸುವುದು. ಟಕ್ ಎಂಬ ಬರಿಯ ಸದ್ದು. ಆದರೂ ಮೂತಿ ಗಕ್ಕನೆ ಕೆಳಗೆ ಕುಕ್ಕುವುದು. ಬೈಗುಳಕ್ಕಿಂತ ಆ ಟಕ್ ಹೆಚ್ಚು ಕಲಿಸುತ್ತಿತ್ತು.

ನಾಣ್ಯ ಮೊದಲ ದಿನವೆಲ್ಲ ಬಿದ್ದಿತು. ಮರುದಿನ ಸಂಜೆ ಎರಡು ಸಲ ನಿಂತಿತು. ತಾಯಿ ಬಾಗಿಲಲ್ಲಿ ನಿಂತು, ಗುದ್ದಲಿಯ ಕಾವನ್ನು ಕೆನ್ನೆಗಿಟ್ಟುಕೊಂಡ ಮಗನನ್ನೂ ಅವನ ಸುತ್ತ ಕುಂಟುತ್ತ ತಿರುಗುವ ಮುದುಕನನ್ನೂ ನೋಡಿ ಏನೂ ಕೇಳದೆ ಒಳಗೆ ಹೋದಳು. ಅವಳಿಗೆ ಎಷ್ಟು ತಿಳಿದಿತ್ತೋ.

ಒಂಬತ್ತನೆಯ ದಿನ ಫೋನು ಬಂತು. ಪಾಸಾದೆ ಎಂಬ ಮಾತು ಮುಗಿಯುವ ಮೊದಲೇ ಮುತ್ಯಾ ಕೇಳಿದರು, “ಗುಂಡು ಹ್ಯಾಂಗ ಚದುರಿದ್ವು? ಅಕ್ಕಪಕ್ಕೋ, ಮ್ಯಾಲ ಕೆಳಗೋ?”

“ಮ್ಯಾಲ ಕೆಳಗ ರೀ ಮುತ್ಯಾ.”

“ಹಂಗಾದ್ರ ಬೆರಳು ಸುಧಾರಿಸ್ಯಾದ. ಈಗ ಕೆಡಸ್ಲಿಕತ್ತಿದ್ದು ಉಸಿರು.” ತಂದೆಯ ಸಾಲದ ಮಾತಾಗಲಿ ತಂಗಿಯ ಮದುವೆಯ ಮಾತಾಗಲಿ ಆ ಕರೆಯಲ್ಲಿ ಬರಲಿಲ್ಲ. ಉಸಿರಿನ ಪಾಠ ಮುಂದಿನ ರಜೆಗೆ ಉಳಿಯಿತು.