ಉಕ್ಕಿನ ಪಕ್ಕದ ಮರಳು

ಕಾಡೆಂದರೆ ನನಗೆ ಪ್ರಾಣ ಎಂದು ಹೇಳಿಕೊಳ್ಳುವಾಗಲೆಲ್ಲ ಒಳಗೆ ಏನೋ ತಡೆಯುತ್ತದೆ. ಅದೇನೆಂದು ನನಗೆ ಸ್ಪಷ್ಟವಾದದ್ದು ಮಿಶಿಗನ್ ಸರೋವರದ ದಕ್ಷಿಣ ದಂಡೆಯ ಇಂಡಿಯಾನಾ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ.

ಶಿಕಾಗೋದಿಂದ ರೈಲು ಹತ್ತಿಯೇ ಹೋಗಬಹುದು. ಸರೋವರವೆಂದರೂ ಕಡಲಿನಂತೆ ಅಲೆ ಏಳುತ್ತದೆ, ಆಚೆ ದಡ ಕಾಣದು. ನೀರು ಮಾತ್ರ ಸಿಹಿ. ಹಿಮಯುಗ ಕಳೆದ ಮೇಲೆ ನೀರು ಏರಿಳಿದು, ಗಾಳಿ ಮರಳೊಟ್ಟಿ, ಸುಮಾರು 24 ಕಿಲೋಮೀಟರ್ ಉದ್ದಕ್ಕೆ ಈ ದಂಡೆ, ದಿಬ್ಬಗಳು ಉಳಿದುಕೊಂಡಿವೆ. 1,100ಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಹೆನ್ರಿ ಕೌಲ್ಸ್ ಎಂಬ ಸಸ್ಯವಿಜ್ಞಾನಿ ಇದೇ ದಿಬ್ಬಗಳನ್ನು ಅಧ್ಯಯನ ಮಾಡಿ, ಬರಿಯ ಮರಳಿನ ಮೇಲೆ ಮೊದಲು ಹುಲ್ಲು, ಆಮೇಲೆ ಕಾಟನ್‌ವುಡ್, ಪೈನ್, ಮುಂದೆ ಓಕ್ ಹೇಗೆ ನೆಲೆಯೂರುತ್ತವೆಂದು 1899ರಲ್ಲಿ ಪ್ರಕಟಿಸಿದ. ದಂಡೆಯಿಂದ ಒಳಕ್ಕೆ ನಡೆದಂತೆ ನೆಲದ ವಯಸ್ಸು ಹೆಚ್ಚುತ್ತ ಹೋಗುತ್ತದೆ. ಇಷ್ಟು ಸರಳವಾದ, ಇಷ್ಟು ದೊಡ್ಡ ಮಾತನ್ನು ಕಾಲಲ್ಲಿ ನಡೆದೇ ಕಂಡುಕೊಳ್ಳಬಹುದು ಎಂಬುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

ಅವನ ಹೆಸರಿನದೇ ಒಂದು ಹಾದಿಯಿದೆ, ಕೌಲ್ಸ್ ಬಾಗ್. ಜೌಗು, ಬೀವರ್‌ಗಳು ಕಡಿದ ಮರ, ನೀರಲ್ಲಿ ನಿಂತ ನೀಲಿ ಬಕ, ಆಮೇಲೆ ಓಕ್ ಕಾಡು. ಕೊನೆಯ ದಿಬ್ಬ ಏರಿದರೆ ಸರೋವರ ತೆರೆದುಕೊಳ್ಳುತ್ತದೆ. ಒಂದು ಪಕ್ಕದಲ್ಲಿ ಉಕ್ಕಿನ ಕಾರ್ಖಾನೆ, ಅದರ ಚಿಮಣಿಗಳು.

ಜೊತೆಗಿದ್ದವರು ಫೋಟೋಗೆ ಚಿಮಣಿ ಸಿಗದಂತೆ ನಿಲ್ಲಲು ಜಾಗ ಹುಡುಕುತ್ತಿದ್ದರು. ನನಗೆ ಮಾತ್ರ ಅದನ್ನು ನೋಡಿ ತವರು ಕಂಡಂತಾಯಿತು. ಆ ಸಂತೋಷ ನನ್ನನ್ನೇ ಹೆದರಿಸಿತು.

ನಾನು ಬೆಳೆದದ್ದು ಕುದುರೆಮುಖದಲ್ಲಿ, ಕಬ್ಬಿಣದ ಗಣಿಯ ಕ್ವಾರ್ಟರ್ಸ್‌ನಲ್ಲಿ. ನನ್ನ ಶಾಲೆ, ಪುಸ್ತಕ, ಮಳೆಗಾಲದ ರೇನ್‌ಕೋಟು ಎಲ್ಲವೂ ಆ ಬೆಟ್ಟವನ್ನು ಅಗೆದ ಸಂಬಳದಲ್ಲಿ ಬಂದವು. ಶೋಲಾ ಕಾಡು, ಸಿಂಗಳೀಕ, ಸಂಜೆ ಇಳಿಯುವ ಮಂಜು, ಇವನ್ನೆಲ್ಲ ಪ್ರೀತಿಸಲು ಕಲಿತದ್ದೂ ಗಣಿ ಹಾಕಿದ ರಸ್ತೆಯ ಮೇಲೆಯೇ. ಗಣಿಯ ಹೂಳು ಭದ್ರಾ ನದಿಗೆ ಇಳಿಯುತ್ತದೆ ಎಂದು ಹೋರಾಡಿದವರು ಸರಿಯಾಗಿಯೇ ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ತೀರ್ಪು ಬೇಕಿತ್ತು ಎಂದು ಪೂರ್ತಿ ನಂಬುತ್ತೇನೆ. ಆದರೂ ಮನೆಗಳಿಗೆ ಒಂದೊಂದಾಗಿ ಬೀಗ ಬಿದ್ದದ್ದನ್ನು ನೆನೆದರೆ ಗಂಟಲು ಕಟ್ಟುತ್ತದೆ. ಕಳೆದುಹೋದ ಬೆಟ್ಟಕ್ಕಿಂತ ಕಳೆದುಹೋದ ಊರಿಗಾಗಿಯೇ ನಾನು ಹೆಚ್ಚು ಅತ್ತಿದ್ದೇನೆ. ಇದನ್ನು ಯಾರೆದುರೂ ಹೇಳಿರಲಿಲ್ಲ. ಊರು ಯಾವುದೆಂದು ಕೇಳಿದವರಿಗೆ 'ಪಶ್ಚಿಮ ಘಟ್ಟ' ಎನ್ನುತ್ತಿದ್ದೆ. ಸಿಂಗಳೀಕದ ಕತೆ ಹೇಳುತ್ತಿದ್ದೆ, ಅದಿರಿನದು ಹೇಳುತ್ತಿರಲಿಲ್ಲ.

ಡ್ಯೂನ್ಸ್‌ನ ಚರಿತ್ರೆಯೂ ಶುದ್ಧವಾದದ್ದಲ್ಲ. ಡೊರೊಥಿ ಬ್ಯುಯೆಲ್ 1952ರಲ್ಲಿ ಇತರ ಹೆಣ್ಣುಮಕ್ಕಳೊಂದಿಗೆ ದಿಬ್ಬಗಳ ರಕ್ಷಣೆಗೆ ಸಂಘ ಕಟ್ಟಿದರು, ಸೆನೆಟರ್ ಪಾಲ್ ಡಗ್ಲಸ್ ವಾಷಿಂಗ್ಟನ್ನಿನಲ್ಲಿ ಹಠ ಹಿಡಿದರು. 1966ರಲ್ಲಿ ರಕ್ಷಣೆ ಸಿಕ್ಕಿತಾದರೂ ಅದು ರಾಜಿಯಿಂದ: ಇತ್ತ ಉದ್ಯಾನ, ಅತ್ತ ಬಂದರು ಮತ್ತು ಉಕ್ಕು. ಅಷ್ಟರಲ್ಲಿ ನಡುವಿನ ದಿಬ್ಬಗಳು ನೆಲಸಮವಾಗಿದ್ದವು. ಆ ಮರಳಿನ ಒಂದು ಭಾಗವನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆವರಣ ಹಿಗ್ಗಿಸಲು ಸರೋವರಕ್ಕೆ ಸುರಿದರು. ರಾಷ್ಟ್ರೀಯ ಉದ್ಯಾನ ಎಂಬ ಪೂರ್ಣ ಹೆಸರು ಬಂದದ್ದು 2019ರಲ್ಲಿ. ಉಳಿದ ಪ್ರತಿ ದಿಬ್ಬದ ಹಿಂದೆ ಉಳಿಯದ ಒಂದಿದೆ. ಅದನ್ನು ಅಳಿಸಿದವರಿಗೂ ಮಕ್ಕಳಿದ್ದರು, ಆ ಮಕ್ಕಳೂ ಇದೇ ದಂಡೆಯಲ್ಲಿ ಈಜಿದರು.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಕಾರ್ಖಾನೆಯ ವಿಷಯ ಹೇಳಿದೆ. "ಅದಿರು ಎಲ್ಲಿಂದ ಬರುತ್ತೆ?" ಎಂದು ತಕ್ಷಣ ಕೇಳಿದರು. ಉತ್ತರದ ಮಿನ್ನೆಸೋಟಾದಿಂದ ಸರೋವರಗಳ ಮೇಲೆ ಹಡಗಿನಲ್ಲಿ, ನಮ್ಮದರಂತೆಯೇ ಕಬ್ಬಿಣದ ಅಂಶ ಕಡಿಮೆಯಿರುವ ಮ್ಯಾಗ್ನೆಟೈಟ್ ಅದಿರು, ಪುಡಿಮಾಡಿ ಉಂಡೆ ಕಟ್ಟಿ ತರುತ್ತಾರೆ ಎಂದೆ. ನಮ್ಮಲ್ಲಿ ಆ ಪುಡಿ ನೀರಿನೊಂದಿಗೆ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರು ಸೇರುತ್ತಿದ್ದುದನ್ನು ಅವರು ಉತ್ಸಾಹದಿಂದ ವಿವರಿಸಿದರು. ಆಮೇಲೆ ತಾವಾಗಿಯೇ, "ಭದ್ರೆ ಈಗ ತಿಳಿಯಾಗಿದೆಯಂತೆ, ಒಳ್ಳೇದಾಯ್ತು ಬಿಡು" ಎಂದರು. ದನಿಯಲ್ಲಿ ನಿಜವಾದ ಸಮಾಧಾನವಿತ್ತು. ಇಷ್ಟು ವರ್ಷ ಅವರ ಪರವಾಗಿ ನಾನೇ ನಾಚಿಕೊಂಡು ಬದುಕಿದ್ದೆ. ಅವರಿಗೇನನ್ನಿಸುತ್ತದೆ ಎಂದು ಕೇಳಿರಲೇ ಇಲ್ಲ.

ಮುಂದಿನ ಬೇಸಿಗೆಗೆ ಅವರು ಬಂದರೆ ಮೊದಲು ಕೌಲ್ಸ್ ಬಾಗ್‌ಗೇ ಕರೆದೊಯ್ಯುತ್ತೇನೆ. ಅದಿರಿನ ಕತೆಯನ್ನು ನನ್ನ ಮಗಳಿಗೆ ಅವರೇ ಹೇಳಲಿ.