ಗೀರು ಹೋಗಲಿ, ಅಕ್ಷರ ಉಳಿಯಲಿ

ತಲೆಮಾರಿನಿಂದ ತಲೆಮಾರಿಗೆ ಕೈದಾಟಿ ಬರುವ ವಸ್ತುಗಳಲ್ಲಿ ಕೈಗಡಿಯಾರವೂ ಒಂದು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆ ಆರಂಭವಾದ ಮೇಲೆ, ಮದುವೆಯಲ್ಲಿ ಅಳಿಯನಿಗೂ ನಿವೃತ್ತಿಯಲ್ಲಿ ಮೇಷ್ಟರಿಗೂ ಗಡಿಯಾರ ಕೊಡುವುದು ಗಡಿಯ ಈಚೆಗಿನ ನಮ್ಮ ಮನೆಗಳಲ್ಲಿಯೂ ರೂಢಿಯಾಯಿತು. 1980ರ ದಶಕದಲ್ಲಿ ನಮ್ಮ ಹೊಸೂರಿನಲ್ಲಿಯೇ ಟೈಟನ್ ಕಾರ್ಖಾನೆ ತಲೆಯೆತ್ತಿತು. ಆಗ ಬಂದ ಗಡಿಯಾರಗಳು ಇಂದಿಗೂ ಎಷ್ಟೋ ಬೀರುಗಳಲ್ಲಿವೆ; ಮುಳ್ಳುಗಳು ಓಡುತ್ತವೆ, ಮೈಮೇಲೆ ಮಾತ್ರ ಗೀರುಗಳು.

ನನ್ನ ತಂದೆಯವರೂ ಕನ್ನಡ ಶಾಲೆಯ ಉಪಾಧ್ಯಾಯರು. 1988ರಲ್ಲಿ ಅವರು ನಿವೃತ್ತರಾದಾಗ ಹಳೆಯ ವಿದ್ಯಾರ್ಥಿಗಳು ಚಂದಾ ಕೂಡಿಸಿ ಸ್ಟೇನ್‌ಲೆಸ್ ಸ್ಟೀಲಿನ ಗಡಿಯಾರವೊಂದನ್ನಿತ್ತು, ಅದರ ಬೆನ್ನಮೇಲೆ ಅವರ ಹೆಸರನ್ನು ಕನ್ನಡದಲ್ಲಿ ಕೆತ್ತಿಸಿದ್ದರು. ಈ ವರ್ಷ ನನ್ನ ತಮ್ಮನ ಮಗಳು ಕನ್ನಡ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದಳು. ಅಜ್ಜನ ಗಡಿಯಾರ ಅವಳಿಗೇ ಸಲ್ಲಬೇಕೆಂದು ಮನೆಯವರೆಲ್ಲ ಒಪ್ಪಿದರು. “ದೊಡ್ಡಪ್ಪ, ಇದನ್ನು ಹೊಸದರ ಹಾಗೆ ಹೊಳೆಯುವಂತೆ ಮಾಡಿಕೊಡಿ” ಎಂದಳು.

ಅಂಗಡಿಗೆ ಒಯ್ಯಲು ನನಗೆ ಮನಸ್ಸಾಗಲಿಲ್ಲ. ಸಹೋದ್ಯೋಗಿಯೊಬ್ಬರ ಗಡಿಯಾರವನ್ನು ಅಂಗಡಿಯೊಂದರಲ್ಲಿ ತಿರುಗುವ ಚಕ್ರಕ್ಕೆ ಹಿಡಿದುದರಿಂದ ಹೊಳಪೇನೋ ಬಂದಿತ್ತು. ಬೆನ್ನಮೇಲಿನ ಹೆಸರು ಓದಲಾಗದಂತೆ ಸವೆದುಹೋಗಿತ್ತು. ಗೀರನ್ನು ತೆಗೆಯುವುದೆಂದರೆ ಅದನ್ನು ತುಂಬುವುದಲ್ಲ; ಸುತ್ತಲಿನ ಲೋಹವನ್ನು ಗೀರಿನ ಆಳಕ್ಕೆ ಸವೆಸುವುದು. ಆದುದರಿಂದ ಎಲ್ಲಿ ಉಜ್ಜಬೇಕೆಂಬುದಕ್ಕಿಂತ ಎಲ್ಲಿ ಉಜ್ಜಬಾರದೆಂಬುದನ್ನು ಮೊದಲು ಅರಿಯಬೇಕು.

ಮೊದಲು ಬೆನ್ನಮೇಲಿನ ಬರಹವನ್ನು ನೋಡಿರಿ. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಬೆನ್ನು ಮಾತ್ರ ಉಕ್ಕು. ಉಳಿದ ಮೈ ಬಹುಮಟ್ಟಿಗೆ ಲೇಪ ಕೊಟ್ಟ ಹಿತ್ತಾಳೆ. ಅದನ್ನು ಉಜ್ಜಿದರೆ ಲೇಪವೇ ಏಳುತ್ತದೆ. ಮೈಯೆಲ್ಲ ಉಕ್ಕಾಗಿದ್ದರೆ ಭಯವಿಲ್ಲ. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ, ಉಜ್ಜಿದ ಮೇಲೂ ತುಕ್ಕು ತಡೆಯುವ ತೆಳುಪೊರೆಯನ್ನು ತಾನಾಗಿ ಕಟ್ಟಿಕೊಳ್ಳುತ್ತದೆ. ಅನಂತರ ಗೀರಿನ ಮೇಲೆ ಉಗುರನ್ನಾಡಿಸಿರಿ. ಉಗುರು ಸಿಕ್ಕಿಕೊಂಡರೆ ಅದು ಆಳದ ಗೀರು. ಮನೆಯಲ್ಲಿ ಅದರ ಗೊಡವೆ ಬೇಡ.

ಪಟ್ಟಿಯನ್ನು ಬಿಚ್ಚಿ, ಒದ್ದೆ ಬಟ್ಟೆಯಿಂದ ಧೂಳು ಜಿಡ್ಡುಗಳನ್ನು ಒರೆಸಬೇಕು. ಧೂಳುಳಿದರೆ ಅದೇ ಹೊಸ ಗೀರೆಳೆಯುತ್ತದೆ. ಹಳೆಯ ಗಡಿಯಾರವನ್ನು ನೀರಿನಲ್ಲಿ ಅದ್ದಕೂಡದು. ಗಾಜು, ಕೀಲಿ ಕೊಡುವ ತಿರುಪು, ಕೆತ್ತಿದ ಅಕ್ಷರ, ಇವುಗಳ ಮೇಲೆ ಅಂಟುಟೇಪು ಹಚ್ಚಿರಿ. ಕನ್ನಡಿಯಂತೆ ಹೊಳೆಯುವ ಭಾಗಕ್ಕೆ ಬ್ರಾಸೋದಂತಹ ಲೋಹದ ಪಾಲಿಶನ್ನಾಗಲಿ ಬಿಳಿಯ ಟೂತ್‌ಪೇಸ್ಟನ್ನಾಗಲಿ ಕಡಲೆಕಾಳಿನಷ್ಟು ತೆಗೆದುಕೊಂಡು, ಹಳೆಯ ಹತ್ತಿಬಟ್ಟೆಯಿಂದ ಮೆಲ್ಲನೆ ತಿಕ್ಕಿ ಒರೆಸಬೇಕು. ಸಣ್ಣ ಗೆರೆಗಳುಳ್ಳ ಮಬ್ಬು ಭಾಗಕ್ಕೆ ಈ ಕ್ರಮ ಸಲ್ಲದು. ಅಲ್ಲಿ ಅನುಚಿತವಾದ ಹೊಳಪು ಬಂದೀತು. ಅದಕ್ಕೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನ ಹೊಸ ತುಂಡೊಂದನ್ನು ಹಿಡಿದು, ಮೂಲದ ಗೆರೆಗಳ ನೇರಕ್ಕೆ, ಒಂದೇ ದಿಕ್ಕಿನಲ್ಲಿ, ಹಗುರವಾಗಿ ಎಳೆಯಬೇಕು. ಕಬ್ಬಿಣದ ನಾರನ್ನು ಮಾತ್ರ ಬಳಸಬೇಡಿ. ಅದರ ಪುಡಿ ಸಿಕ್ಕಿಕೊಂಡು ತುಕ್ಕಿನ ಚುಕ್ಕೆಗಳೇಳುತ್ತವೆ. ಗಾಜು ಪ್ಲಾಸ್ಟಿಕ್ಕಿನದಾಗಿದ್ದರೆ ಅದರ ಮಬ್ಬೂ ಟೂತ್‌ಪೇಸ್ಟಿಗೆ ಇಳಿಯುತ್ತದೆ; ನಿಜವಾದ ಗಾಜಿನ ಗೀರು ಇದಕ್ಕೆ ಬಗ್ಗದು.

ಅರ್ಧ ಗಂಟೆಯ ಕೆಲಸದಿಂದ ಅಂಚುಗಳು ಬೆಳಗಿದವು. ಬೆನ್ನನ್ನು ನಾನು ಮುಟ್ಟಲಿಲ್ಲ. ಅಲ್ಲಿ ಅಕ್ಷರಗಳ ನಡುವೆಯೂ ಗೀರುಗಳಿದ್ದುದನ್ನು ಕಂಡು ಹುಡುಗಿ, “ಇಷ್ಟು ಮಾತ್ರ ಯಾಕೆ ಬಿಟ್ಟಿರಿ?” ಎಂದು ಕೇಳಿದಳು. ಅವಳಿಗೆ ಭೂತಗನ್ನಡಿ ಕೊಟ್ಟೆ. ಕೆತ್ತನೆಯ ಆಳ ತಲೆಗೂದಲಿನಷ್ಟೂ ಇಲ್ಲವೆಂಬುದು ಅವಳಿಗೇ ಗೋಚರವಾಯಿತು. ಅಜ್ಜನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ, “ಹಾಗಾದರೆ ಇದು ಹೀಗೆಯೇ ಇರಲಿ ದೊಡ್ಡಪ್ಪ” ಎಂದಳು.

ನಿಮ್ಮ ಮನೆಯಲ್ಲಿಯೂ ಇಂತಹ ಗಡಿಯಾರವಿದ್ದರೆ ಬಟ್ಟೆ ಹಿಡಿಯುವ ಮುನ್ನ ಅದನ್ನು ತಿರುವಿ ನೋಡಿರಿ. ಕಡಮೆ ಉಜ್ಜಿದರೆ ಮತ್ತೊಮ್ಮೆ ಉಜ್ಜಬಹುದು. ಸವೆದ ಅಕ್ಷರ ಮರಳಿ ಬಾರದು.