ಗೋಡೆ ಏರಿದ ನಂಬರು ತಗಡುಗಳು

ಮೈಸೂರಿಗೆ ಹೋದರೆ ನೀವು ಏನೇನು ನೋಡುತ್ತೀರಿ? ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ. ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಎರಡು ಮೊಳ ಮಲ್ಲಿಗೆ, ಒಂದು ಕಟ್ಟು ವೀಳ್ಯದೆಲೆ. ಅದನ್ನೆಲ್ಲ ನೀವು ನೋಡಿಯೇ ಇರುತ್ತೀರಿ. ಈ ಸಲ ನಾನು ನಿಮ್ಮನ್ನು ಕರೆದುಕೊಂಡು ಹೋಗುವುದು ಸರಸ್ವತೀಪುರದ ಒಂದು ಮನೆಯ ಕಾರ್ ಷೆಡ್ಡಿಗೆ. ನಗಬೇಡಿ! ಷೆಡ್ಡಿನಲ್ಲಿ ನೋಡುವಂಥದ್ದು ಏನಿದೆ ಎಂದು ನಾನೂ ಅಂದುಕೊಂಡಿದ್ದೆ.

ಅದು ನನ್ನ ಅಕ್ಕನ ಮನೆ. 2024ರ ದಸರೆಗೆ ಹೋಗಿದ್ದೆ. ನಡುಮನೆಯಲ್ಲಿ ಗೊಂಬೆ ಕೂರಿಸಿ ಆಗಿತ್ತು. ಅಕ್ಕ ಷೆಡ್ಡು ಗುಡಿಸುತ್ತಾ ಒಂದು ಮೂಲೆಗೆ ಹಳೇ ಪೇಪರು, ಮುರಿದ ಬಕೆಟ್ಟು, ತಗಡು ಎಲ್ಲ ರಾಶಿ ಹಾಕಿದ್ದಳು. "ಗುಜರಿಯವನು ಬರ್ತಾನೆ, ಕೊಟ್ಟುಬಿಡ್ತೀನಿ ಕಣೇ" ಅಂದಳು. ಆ ರಾಶಿಯಲ್ಲಿ ಏಳು ನಂಬರು ಪ್ಲೇಟುಗಳಿದ್ದವು. ಭಾವ ಬಾಗಿಲಲ್ಲಿ ನಿಂತು ನೋಡಿದರು, ಏನೂ ಹೇಳದೆ ಒಳಗೆ ಹೋದರು.

ಒಂದು ಮನೆಯಲ್ಲಿ ಏಳು ಪ್ಲೇಟು ಹೇಗೆ ಸೇರಿತು ಅನ್ನುತ್ತೀರಾ? ನಿಮ್ಮ ಮನೆಯಲ್ಲೂ ಎರಡಾದರೂ ಇದ್ದಾವು, ಅಟ್ಟದ ಮೇಲೆ ನೋಡಿ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೂ ಹೊಸ ಸುರಕ್ಷಿತ ಪ್ಲೇಟು ಹಾಕಿಸಬೇಕೆಂದು 2023ರಲ್ಲಿ ನಮ್ಮ ರಾಜ್ಯದಲ್ಲಿ ಆದೇಶವಾಯಿತಲ್ಲ, ಆಗ ಅಕ್ಕನ ಸ್ಕೂಟರಿನಿಂದ ಎರಡು, ಕಾರಿನಿಂದ ಎರಡು ಹಳೇ ಪ್ಲೇಟು ಕೆಳಗಿಳಿದವು. ಮಗ ಹೈದರಾಬಾದಿಗೆ ಹೋಗಿ ಅಲ್ಲಿನ ನಂಬರು ಮಾಡಿಸಿಕೊಂಡಾಗ ಅವನ ಬೈಕಿನ ಕೆಎ 09 ಪ್ಲೇಟು ಅಮ್ಮನ ಮನೆಗೆ ವಾಪಸು ಬಂತು. ಉಳಿದ ಎರಡು ಕಪ್ಪು ಬಣ್ಣದವು, ಬಿಳೀ ಅಕ್ಷರದವು. ಅವು 'ಎಂವೈ' ಎಂದು ಶುರುವಾಗುತ್ತಿದ್ದವು.

ಈ ಅಕ್ಷರಗಳಲ್ಲೇ ನಮ್ಮ ನಾಡಿನ ಚರಿತ್ರೆ ಇದೆ. ನಮ್ಮದು ಮೈಸೂರು ರಾಜ್ಯವಾಗಿದ್ದಾಗ ಗಾಡಿಗಳಿಗೆ 'ಎಂವೈ' ಇತ್ತು. 1973ರ ನವೆಂಬರ್ 1ರಂದು ಕರ್ನಾಟಕ ಎಂದು ಹೆಸರಾದ ಮೇಲೆ 'ಸಿಎ' ಎಂದು ಶುರುವಾಗುವ ನಂಬರುಗಳು ಬಂದವು. 1989ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾದ ಮೇಲೆ 'ಕೆಎ'. ಮೈಸೂರು ಪಶ್ಚಿಮಕ್ಕೆ 09, ಪೂರ್ವಕ್ಕೆ 55, ಮಂಡ್ಯಕ್ಕೆ 11, ಮಡಿಕೇರಿಗೆ 12, ಹಾಸನಕ್ಕೆ 13. ಸ್ವಂತ ಗಾಡಿಗೆ ಕಪ್ಪು ಹೋಗಿ ಬಿಳೀ ಪ್ಲೇಟು ಬಂದದ್ದು 2001ರ ನಿಯಮದಿಂದ. ಆಗ ಬಿಚ್ಚಿಟ್ಟವೇ ಭಾವನ ಕಪ್ಪು ತಗಡುಗಳು.

ಅವು 1972ರಲ್ಲಿ ಭಾವ ಕೊಂಡ ಜಾವಾ ಮೋಟಾರ್ ಸೈಕಲ್ಲಿನವು. ಮೈಸೂರಿನವರಿಗೆ ಜಾವಾ ಅಂದರೆ ಮನೆ ಮಗಳ ಹಾಗೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು. 1973ರಿಂದ ಅದೇ ಗಾಡಿಗೆ ಯೆಜ್ಡಿ ಎಂದು ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಡುಗ್ ಡುಗ್ ಸದ್ದು ಬೀದಿ ತುದಿಯಲ್ಲಿ ಕೇಳಿದರೆ ಅಕ್ಕ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು.

ಆ ರಾತ್ರಿ ಅಕ್ಕ ನನ್ನ ಹತ್ತಿರ ಹೇಳಿಕೊಂಡಳು: "ಆ ಗಾಡಿ ನಾನೇ ಮಾರಿಸಿದ್ದು ಕಣೇ. ಮಗಳ ಕಾಲೇಜು ಫೀಸಿಗೆ ಕಮ್ಮಿ ಬಿದ್ದಿತ್ತು. ಇವರು ಒಂದು ಮಾತೂ ಆಡಲಿಲ್ಲ. ಇವತ್ತಿಗೂ ಆಡಿಲ್ಲ."

"ಮತ್ತೆ ಆ ತಗಡನ್ನೂ ಗುಜರಿಗೆ ಹಾಕ್ತೀಯಲ್ಲಕ್ಕಾ?" ಅಂದೆ. ಅವಳು ಸುಮ್ಮನಾದಳು. ಬೆಳಿಗ್ಗೆ ಎದ್ದು ನೋಡಿದರೆ ಏಳೂ ಪ್ಲೇಟುಗಳು ಜಗಲಿಯ ಮೇಲಿದ್ದವು. ಅವನ್ನು ಗೋಡೆಗೆ ಹಾಕಲು ನಾವು ಮೂವರೂ ಸೇರಿದೆವು. ಹೇಗೆ ಮಾಡಿದೆವೆಂದು ಹೇಳುತ್ತೇನೆ, ನಿಮಗೂ ಬೇಕಾದೀತು.

ಮೊದಲು ತೊಳೆಯುವುದು. ಅಕ್ಕ ಹಿತ್ತಾಳೆ ಪಾತ್ರೆಗೆ ಹಾಕುವ ಹಾಗೆ ಹುಣಸೆಹಣ್ಣು ಹಿಡಿದು ಬಂದಳು. ಬೇಡವೇ ಬೇಡ! ಹುಣಸೆ, ನಾರು, ಪಾತ್ರೆ ಪುಡಿ ಯಾವುದು ಉಜ್ಜಿದರೂ ಕೈಯಲ್ಲಿ ಬರೆದ ಅಕ್ಷರ ಎದ್ದುಹೋಗುತ್ತದೆ. ಅಲ್ಯೂಮಿನಿಯಂ ಪ್ಲೇಟಿಗೆ ಸೋಡಾ ತಾಗಿದರೆ ಕಪ್ಪಾಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಚೂರು ಸೋಪು, ಒಂದು ಹಳೇ ಪಂಚೆಯ ತುಂಡು, ಇಷ್ಟು ಸಾಕು. ಒರೆಸಿ ನೆರಳಲ್ಲಿ ಒಣಗಿಸಿ. ಕಬ್ಬಿಣದ ತಗಡಿನ ಹಿಂಬದಿಗೆ ತುಕ್ಕು ಹಿಡಿದಿದ್ದರೆ ಮರಳು ಕಾಗದದಲ್ಲಿ ಉಜ್ಜಿ ಒಂದು ಕೈ ರೆಡ್ ಆಕ್ಸೈಡ್ ಬಳಿಯಿರಿ. ಮುಂಬದಿ ಸವೆದಿದ್ದರೆ ಹಾಗೇ ಬಿಡಿ. ಹೊಸದಾಗಿ ಬರೆಸಿದರೆ ಹಳೆಯದರ ಕಳೆಯೇ ಹೋಗುತ್ತದೆ.

ಎರಡನೆಯದು ಜಾಗ. ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ. ಮಳೆಗಾಲದಲ್ಲಿ ತೇವ ಏರುವ ಗೋಡೆಯೂ ಬೇಡ. ಸ್ಕೂಟರಿನ ಹ್ಯಾಂಡಲು, ಕಾರಿನ ಬಾಗಿಲು ತಾಗದ ಎತ್ತರ ನೋಡಿಕೊಳ್ಳಿ. ನೆಲದಿಂದ ಸುಮಾರು ಐದು ಅಡಿಗೆ ನಡುಸಾಲು ಬಂದರೆ ಕಣ್ಣಿಗೆ ಸರಿಯಾಗಿರುತ್ತದೆ.

ಮೂರನೆಯದು ಜೋಡಿಸುವುದು. ಇದರಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಗೊಂಬೆ ಕೂರಿಸುವ ಲೆಕ್ಕವೇ! ಪ್ರತಿ ಪ್ಲೇಟಿನ ಅಳತೆಗೆ ಹಳೇ ಪೇಪರು ಕತ್ತರಿಸಿ, ಗೋಡೆಗೆ ಅಂಟಿಸಿ, ದೂರ ನಿಂತು ನೋಡಿ. ಕಾರಿನ ಉದ್ದದ ಪ್ಲೇಟು 50 ಸೆಂಟಿಮೀಟರ್, ಬೈಕಿನ ಹಿಂದಿನದು 20 ಸೆಂಟಿಮೀಟರ್ ಇರುತ್ತದೆ. ಕಪ್ಪು ಕಾಲದವುಗಳಿಗೆ ಅಂಥ ಒಂದೇ ಅಳತೆಯಿಲ್ಲ. ಉದ್ದದವು ಮೇಲೆ ಕೆಳಗೆ, ಗಿಡ್ಡವು ನಡುವೆ ಬಂದರೆ ಚೆನ್ನ. ಪಟ್ಟದ ಗೊಂಬೆಯ ಜಾಗಕ್ಕೆ ಅಕ್ಕ ಯಾರನ್ನೂ ಕೇಳದೆ ಜಾವಾದ ಕಾಗದ ಅಂಟಿಸಿದಳು.

ನಾಲ್ಕನೆಯದು ಹಾಕುವುದು. ತಗಡನ್ನು ನೇರವಾಗಿ ಗೋಡೆಗೆ ಹೊಡೆಯಬೇಡಿ, ಹಿಂದೆ ತೇವ ಕೂತು ತುಕ್ಕು ಹಿಡಿಯುತ್ತದೆ. ನಾವು ಬಡಗಿಯನ್ನು ಕರೆದು ಗೋಡೆಗೆ ಎರಡು ಮರದ ರೀಪರ್ ಹಾಕಿಸಿದೆವು. ಅದರ ಮೇಲೆ ಪ್ಲೇಟಿಗೆ ಮೊದಲೇ ಇದ್ದ ತೂತಿನಲ್ಲೇ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ, ನಡುವೆ ರಬ್ಬರ್ ವಾಷರ್. ಹೊಸ ತೂತು ಕೊರೆಯುವುದು ಬೇಡ. ಸ್ಕ್ರೂ ಬಿಗಿಯಾದರೆ ಸಾಕು, ತಗಡು ಬಾಗುವಷ್ಟು ತಿರುಗಿಸಬಾರದು. ಬಾಡಿಗೆ ಮನೆಯವರು ಒಂದು ಪ್ಲೈವುಡ್ ಹಲಗೆಗೆ ಎಲ್ಲವನ್ನೂ ಜೋಡಿಸಿ, ಎರಡೇ ಮೊಳೆಗೆ ತೂಗುಹಾಕಿದರಾಯಿತು. ಮನೆ ಬಿಡುವಾಗ ಹಾಗೇ ಎತ್ತಿಕೊಂಡು ಹೋಗಬಹುದು.

ಒಂದೆರಡು ಎಚ್ಚರಿಕೆ. ಹಳೇ ಪ್ಲೇಟಿನ ನಂಬರು ಈಗಲೂ ಓಡುವ ಗಾಡಿಯದಾಗಿದ್ದರೆ ಅದು ಬರೀ ತಗಡಲ್ಲ. ಯಾರೋ ಕಳ್ಳಗಾಡಿಗೆ ಸಿಕ್ಕಿಸಿಕೊಂಡರೆ ದಂಡದ ಚೀಟಿ ನಿಮ್ಮ ಮನೆ ಬಾಗಿಲಿಗೆ ಬಂದೀತು. ಆದ್ದರಿಂದ ಹೊಸ ಪ್ಲೇಟು ಹಾಕಿಸುವಾಗ ಹಳೆಯದನ್ನು ಕೇಳಿ ಇಸಿದುಕೊಳ್ಳಿ. ಬೀದಿಗೆ ಕಾಣುವ ಗೋಡೆಯಲ್ಲಿ ಹಾಕಬೇಡಿ. ಬೇಡವಾದರೆ ಎರಡು ತುಂಡು ಮಾಡಿ ಗುಜರಿಗೆ ಕೊಡಿ. ಇನ್ನು ಚಕ್ರದ ಗುರುತಿನ ಹೊಸ ಪ್ಲೇಟು ಚೆನ್ನಾಗಿದೆಯೆಂದು ಗಾಡಿಯಿಂದ ಕೀಳಲು ಹೋಗಬೇಡಿ. ಅದರ ಲಾಕು ಒಮ್ಮೆ ಮುರಿದರೆ ಮತ್ತೆ ಕೂರುವುದಿಲ್ಲ.

ಮೈಸೂರಿಗೆ ಹೋದಾಗ ನಿಮ್ಮವರಿಗೂ ಈ ಹುಚ್ಚಿದ್ದರೆ ಕೃಷ್ಣರಾಜಸಾಗರ ರಸ್ತೆಯಲ್ಲಿ 1979ರಲ್ಲಿ ಶುರುವಾದ ರೈಲು ವಸ್ತುಸಂಗ್ರಹಾಲಯ ನೋಡಿ, ಮಹಾರಾಣಿಯವರ ರೈಲು ಡಬ್ಬಿ ಅಲ್ಲಿದೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ 'ಪಯಣ'ದಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೇ ಕಾರುಗಳಿವೆ. ಮಕ್ಕಳಿಗೂ ಬೇಸರವಾಗುವುದಿಲ್ಲ.

ಆಯುಧಪೂಜೆಯ ದಿನ ಭಾವ ಕಾರು, ಸ್ಕೂಟರು ತೊಳೆದು ನಿಲ್ಲಿಸಿದರು. ಅಕ್ಕ ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಕಪ್ಪು ತಗಡಿನ ಮೇಲೆ ಸೇವಂತಿಗೆ ಸಿಕ್ಕಿಸಿದಳು. ಬಣ್ಣಕ್ಕೆ ಕಲೆಯಾಗದಿರಲೆಂದು ಕುಂಕುಮವನ್ನು ಮರದ ರೀಪರಿಗೆ ಇಟ್ಟಳು. ಅದರ ನೇರಕ್ಕೆ ನೆಲದ ಮೇಲೂ ಒಂದು ನಿಂಬೆಹಣ್ಣು ಇಟ್ಟಳು.

ಭಾವ ಸ್ವಲ್ಪ ಹೊತ್ತು ನೋಡುತ್ತಾ ನಿಂತರು. "ಎರಡು ಇಡಬೇಕು ಕಣೇ, ಅದಕ್ಕೆ ಎರಡು ಚಕ್ರ" ಅಂದರು.

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಇನ್ನೊಂದು ನಿಂಬೆಹಣ್ಣು ತರಲು ಒಳಗೆ ಹೋದಳು. ನಿಮ್ಮ ಮನೆಗೆ ಗುಜರಿಯವನು ಬರುವ ಮೊದಲು ಆ ರಾಶಿಯನ್ನು ನೀವೂ ಒಂದು ಸಲ ತಿರುವಿ ನೋಡಿ.